ಮೊದಲ ಕೆಲಸ: ಮಾಲೀಕರ ನಿರೀಕ್ಷೆಯ ಹಿಂದಿರುವ ಲೆಕ್ಕ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ರಸ್ತೆಗಳಲ್ಲಿ ನಡೆದು ಹೋದರೆ ಕಾರ್ಖಾನೆಗಳ ಗೇಟಿನ ಮೇಲೆ, ಕರೆಂಟು ಕಂಬಗಳ ಮೇಲೆ ‘ಬೇಕಾಗಿದ್ದಾರೆ’ ಎಂಬ ಹಾಳೆಗಳು ಕಾಣುತ್ತವೆ. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರದ) ಆಪರೇಟರ್ ಬೇಕು, ಫಿಟ್ಟರ್ ಬೇಕು, ಹೆಲ್ಪರ್ ಬೇಕು, ಪ್ಯಾಕಿಂಗ್ ಕೆಲಸಕ್ಕೆ ಹೆಂಗಸರು ಬೇಕು. ಅದೇ ರಸ್ತೆಯಲ್ಲಿ ಪ್ಲಾಸ್ಟಿಕ್ ಫೈಲಿನೊಳಗೆ ಅಂಕಪಟ್ಟಿಗಳನ್ನು ಇಟ್ಟುಕೊಂಡು ಗೇಟಿನಿಂದ ಗೇಟಿಗೆ ಅಲೆಯುವ ಹುಡುಗ ಹುಡುಗಿಯರೂ ಕಾಣುತ್ತಾರೆ. ಫಲಿತಾಂಶ ಬಂದ ಮೇಲಿನ ತಿಂಗಳುಗಳಲ್ಲಿ ಇವರ ಸಂಖ್ಯೆ ಹೆಚ್ಚು. ತುಮಕೂರು, ಹಾಸನ, ರಾಯಚೂರು, ಕಲಬುರಗಿ ಕಡೆಯಿಂದ ಬಂದು ದಾಸರಹಳ್ಳಿಯಲ್ಲೋ ಲಗ್ಗೆರೆಯಲ್ಲೋ ನೆಂಟರ ಮನೆಯಲ್ಲಿ ಉಳಿದುಕೊಂಡಿರುತ್ತಾರೆ. ಮಾಲೀಕರನ್ನು ಮಾತಾಡಿಸಿದರೆ ‘ಜನ ಸಿಗುತ್ತಿಲ್ಲ’ ಎನ್ನುತ್ತಾರೆ. ಈ ಮಕ್ಕಳನ್ನು ಮಾತಾಡಿಸಿದರೆ ‘ಕೆಲಸ ಸಿಗುತ್ತಿಲ್ಲ, ಎಲ್ಲರೂ ಎಕ್ಸ್‌ಪೀರಿಯನ್ಸ್ ಕೇಳುತ್ತಾರೆ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಂದೇ ಗೇಟಿನ ಒಳಗೂ ಹೊರಗೂ ಈ ಎರಡು ಮಾತುಗಳು ಹೇಗೆ ಏಕಕಾಲಕ್ಕೆ ನಿಜವಾಗುತ್ತವೆ ಎಂಬುದನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ. ಉದಾಹರಣೆಗಳು ಹೆಚ್ಚಾಗಿ ಕಾರ್ಖಾನೆಯವು. ಆದರೆ ಅಂಗಡಿ, ಆಸ್ಪತ್ರೆ, ಕಾಲ್ ಸೆಂಟರ್, ಗೋದಾಮುಗಳ ಮೊದಲ ಕೆಲಸಕ್ಕೂ ಇದರ ಬಹುಭಾಗ ಹೊಂದುತ್ತದೆ.

ಒಂದೇ ಕೆಲಸ, ನಾಲ್ಕು ಹೆಸರು

ಹಿಂದಿನ ಅನುಭವ ಇಲ್ಲದವರನ್ನೂ ತೆಗೆದುಕೊಳ್ಳುವ, ಸಂಸ್ಥೆಯ ಏಣಿಯ ಮೊದಲ ಮೆಟ್ಟಿಲಿನ ಕೆಲಸವನ್ನು ಆರಂಭಿಕ ಹಂತದ ಕೆಲಸ ಎನ್ನುತ್ತಾರೆ. ಅಂಥ ಕೆಲಸಕ್ಕೆ ಸೇರುವವರು ಒಂದೇ ಯಂತ್ರದ ಮುಂದೆ ನಿಂತರೂ ಕಾಗದದಲ್ಲಿ ಬೇರೆ ಬೇರೆ ಆಗಿರಬಹುದು, ಮತ್ತು ಆ ವ್ಯತ್ಯಾಸ ಸಣ್ಣದಲ್ಲ.

ಮೊದಲನೆಯದು ಅಪ್ರೆಂಟಿಸ್. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಈತ ಕಲಿಯಲು ಬಂದವನು, ನೌಕರನಲ್ಲ. ಸಿಗುವುದು ಸಂಬಳವಲ್ಲ, ಶಿಷ್ಯವೇತನ. ಅವಧಿ ಮುಗಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ದೇಶದಾದ್ಯಂತ ನಡೆಯುವ ಪ್ರಮಾಣಪತ್ರ ದೊರೆಯುತ್ತದೆ. 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂಬ ನಿಯಮವೂ ಇದೆ. ಎರಡನೆಯದು ಪ್ರೊಬೇಷನರ್: ಕಾಯಂ ಹುದ್ದೆಗೆ ಸೇರಿ, ಕೆಲವು ತಿಂಗಳು ಪರೀಕ್ಷಾರ್ಥ ಅವಧಿಯಲ್ಲಿ ಇರುವ ನೌಕರ. ಮೂರನೆಯದು ಗುತ್ತಿಗೆ ಕಾರ್ಮಿಕ: ಕೆಲಸ ಕಾರ್ಖಾನೆಯದು, ಸಂಬಳ ಕೊಡುವವನು ಕಾಂಟ್ರ್ಯಾಕ್ಟರ್. ನಾಲ್ಕನೆಯದು ‘ಟ್ರೈನಿ’. ಈ ಹೆಸರನ್ನು ಸಂಸ್ಥೆಗಳು ತಮಗೆ ತೋಚಿದ ಅರ್ಥದಲ್ಲಿ ಬಳಸುತ್ತವೆ. ಕೆಲವೆಡೆ ಟ್ರೈನಿ ಎಂದರೆ ಪ್ರೊಬೇಷನರ್; ಕೆಲವೆಡೆ ಒಂದು ವರ್ಷದ ನಂತರ ಮನೆಗೆ ಕಳುಹಿಸುವ ತಾತ್ಕಾಲಿಕ ಕೆಲಸಗಾರ. ಆದ್ದರಿಂದ ಕೆಲಸದ ಹೆಸರಿಗಿಂತ ಕೈಗೆ ಕೊಡುವ ಪತ್ರದಲ್ಲಿ ಏನು ಬರೆದಿದೆ ಎಂಬುದೇ ಮುಖ್ಯ. ಸೇರುವ ದಿನ ‘ನಾನು ಯಾರ ನೌಕರ, ಎಷ್ಟು ಕಾಲಕ್ಕೆ, ಮುಗಿದ ಮೇಲೆ ಏನು’ ಎಂಬ ಮೂರು ಪ್ರಶ್ನೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ತಪ್ಪು ತಿಳಿದರೆ ಅದೇ ಒಂದು ಉತ್ತರ.

ಅನುಭವ ಏಕೆ ಕೇಳುತ್ತಾರೆ?

ಹದಿನೈದು ಜನರ ಒಂದು ಸಣ್ಣ ವರ್ಕ್‌ಶಾಪ್ ಊಹಿಸಿಕೊಳ್ಳಿ. ಹೊಸ ಹುಡುಗನೊಬ್ಬ ಸೇರುತ್ತಾನೆ. ಮೊದಲ ತಿಂಗಳು ಅವನಿಂದ ಬರುವ ಉತ್ಪಾದನೆ ಕಡಿಮೆ. ಸಂಬಳ ಮಾತ್ರ ಪೂರ್ತಿ. ಅವನಿಗೆ ಕಲಿಸಲು ನುರಿತ ಆಪರೇಟರ್ ಒಬ್ಬರು ದಿನಕ್ಕೆ ಎರಡು ತಾಸು ತಮ್ಮ ಯಂತ್ರ ಬಿಟ್ಟು ಬರಬೇಕು, ಆ ಹೊತ್ತು ಅವರ ಯಂತ್ರವೂ ಸುಮ್ಮನಿರುತ್ತದೆ. ಕಲಿಯುವಾಗ ಕೆಡುವ ತುಂಡುಗಳ ಖರ್ಚು ಬೇರೆ. ಇಷ್ಟೆಲ್ಲ ಆದ ಮೇಲೆ ಆರನೆಯ ತಿಂಗಳಿಗೆ, ಕೈ ಪಳಗುವ ಹೊತ್ತಿಗೆ, ಹುಡುಗ ಪಕ್ಕದ ರಸ್ತೆಯ ಕಾರ್ಖಾನೆಯಲ್ಲಿ ಎರಡು ಸಾವಿರ ಹೆಚ್ಚಿಗೆ ಕೊಡುತ್ತಾರೆಂದು ಹೊರಟುಹೋದರೆ ಕಲಿಸಿದವನ ಖರ್ಚು ಕಲಿಸದವನಿಗೆ ಲಾಭವಾಗುತ್ತದೆ. ‘ಅನುಭವ ಇದೆಯಾ’ ಎಂಬ ಪ್ರಶ್ನೆಯ ತಿರುಳು ಇದೇ: ಈ ಖರ್ಚನ್ನು ಬೇರೆ ಯಾರಾದರೂ ಈಗಾಗಲೇ ಮಾಡಿದ್ದಾರೆಯೇ ಎಂದು ಮಾಲೀಕ ಕೇಳುತ್ತಿದ್ದಾನೆ.

ಬೆಂಗಳೂರಿನಲ್ಲಿ ಈ ಖರ್ಚನ್ನು ಹಿಂದೆ ಹೊರುತ್ತಿದ್ದವರು ಬಹುಮಟ್ಟಿಗೆ ದೊಡ್ಡ ಸಾರ್ವಜನಿಕ ಉದ್ದಿಮೆಗಳು. 1940ರಲ್ಲಿ ವಿಮಾನಗಳ ಎಚ್ಎಎಲ್, 1948ರಲ್ಲಿ ಐಟಿಐ ದೂರವಾಣಿ ಕಾರ್ಖಾನೆ, 1953ರಲ್ಲಿ ಯಂತ್ರೋಪಕರಣಗಳ ಎಚ್ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್‌ನ ಬಿಇಎಲ್ ಇಲ್ಲಿ ಹುಟ್ಟಿಕೊಂಡವು. ಇವು ತಮಗೆ ಬೇಕಾದ ಕೆಲಸಗಾರರನ್ನು ತಾವೇ ತರಬೇತಿ ಕೊಟ್ಟು ತಯಾರಿಸಿದವು. ಅಲ್ಲಿ ಕಲಿತವರಲ್ಲಿ ಎಷ್ಟೋ ಮಂದಿ ಮುಂದೆ ರಾಜಾಜಿನಗರ, ಪೀಣ್ಯಗಳ ಸಣ್ಣ ಕಾರ್ಖಾನೆಗಳಿಗೆ ಫೋರ್‌ಮನ್‌ಗಳಾಗಿ ಹೋದರು, ಕೆಲವರು ತಾವೇ ಮಾಲೀಕರಾದರು. ದೊಡ್ಡ ಮನೆಯ ಅಡುಗೆಯಲ್ಲಿ ಕೈಗೂಡಿದವರು ಬೀದಿಯ ಎಲ್ಲ ಮನೆಗಳ ಸಮಾರಂಭಕ್ಕೂ ಒದಗಿದ ಹಾಗೆ ಇದು. ಈಗ ಆ ದೊಡ್ಡ ಮನೆಗಳ ನೇಮಕಾತಿ ಹಿಂದಿನಂತಿಲ್ಲ. ಸಣ್ಣ ಕಾರ್ಖಾನೆಗಳಲ್ಲಿ ಪ್ರತ್ಯೇಕ ತರಬೇತಿ ಕೋಣೆ ಇಲ್ಲ, ಕಲಿಸಲೆಂದೇ ನೇಮಕವಾದ ಮನುಷ್ಯರೂ ಇಲ್ಲ. ಕಲಿಸುವ ಹೊಣೆ ಕಾಲೇಜಿನದೋ ಕಾರ್ಖಾನೆಯದೋ ಎಂಬ ಪ್ರಶ್ನೆ ನಡುವೆ ಬಿದ್ದಿದೆ. ಅದರ ಭಾರ ಹದಿನೆಂಟು ಇಪ್ಪತ್ತರ ಹುಡುಗನ ತಲೆಯ ಮೇಲೆ ಬರುತ್ತಿದೆ.

35 ಅಂಕದ ಲೆಕ್ಕ, 0.02 ಮಿಲಿಮೀಟರಿನ ಲೆಕ್ಕ

ಓದಿದ್ದಕ್ಕೂ ಕೆಲಸಕ್ಕೂ ನಡುವಿನ ಅಂತರವನ್ನು ಸಾಮಾನ್ಯವಾಗಿ ‘ಸಿಲಬಸ್ ಹಳತಾಗಿದೆ’ ಎಂಬ ಒಂದು ಮಾತಿನಲ್ಲಿ ಮುಗಿಸುತ್ತಾರೆ. ಅದು ಅರ್ಧ ಸತ್ಯ. ಹೆಚ್ಚು ಆಳದ ವ್ಯತ್ಯಾಸ ತಪ್ಪಿನ ಬೆಲೆಯಲ್ಲಿದೆ.

ನೂರಕ್ಕೆ 35 ಬಂದರೆ ಪಾಸು ಎಂಬ ಲೆಕ್ಕದಲ್ಲಿ ನಮ್ಮ ತಲೆಮಾರುಗಳು ಬೆಳೆದಿವೆ. ಅಂದರೆ ನೂರರಲ್ಲಿ 65 ತಪ್ಪಾದರೂ ಮುಂದಿನ ತರಗತಿಗೆ ದಾರಿ ಇತ್ತು, ತಪ್ಪಿದ ಪ್ರಶ್ನೆಯಿಂದ ಬೇರೆಯವರಿಗೆ ನಷ್ಟವೂ ಇರಲಿಲ್ಲ. ಕಾರ್ಖಾನೆಯಲ್ಲಿ ಒಂದು ಶಾಫ್ಟಿನ (ಯಂತ್ರದೊಳಗೆ ತಿರುಗುವ ಲೋಹದ ದಂಡದ) ನಕ್ಷೆ ‘ವ್ಯಾಸ 25 ಮಿಲಿಮೀಟರ್, ಹೆಚ್ಚುಕಡಿಮೆ 0.02’ ಎಂದು ಹೇಳುತ್ತದೆ. ಈ ಹೆಚ್ಚುಕಡಿಮೆಗೆ ಟಾಲರೆನ್ಸ್ ಎಂದು ಹೆಸರು. ತುಂಡು 24.98ರಿಂದ 25.02ರ ಒಳಗೆ ಎಲ್ಲಿದ್ದರೂ ಸರಿ, ಹೊರಗಿದ್ದರೆ ಸರಿಯಲ್ಲ. ಆ ಇಡೀ ಅಂತರ ಸಾಮಾನ್ಯ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ವ್ಯಾಸ ತುಸು ಹೆಚ್ಚಾಗಿ ಉಳಿದಿದ್ದರೆ ಮತ್ತೆ ಲೇತಿಗೆ, ಅಂದರೆ ಲೋಹ ಕಡೆಯುವ ಯಂತ್ರಕ್ಕೆ, ಕಟ್ಟಿ ಸರಿ ಮಾಡಬಹುದು, ಅದು ರೀವರ್ಕ್. ಕಡಿಮೆಯಾಗಿಬಿಟ್ಟರೆ ಹೋದ ಲೋಹ ಮರಳಿ ಬರುವುದಿಲ್ಲ, ತುಂಡು ಗುಜರಿಗೆ. ನೂರು ತುಂಡಿನಲ್ಲಿ 90 ಸರಿ ಮಾಡಿದವನಿಗೆ ಶಾಲೆಯಲ್ಲಿ ಡಿಸ್ಟಿಂಕ್ಷನ್, ಇಲ್ಲಿ ಮೇಸ್ತ್ರಿಯ ಮುಂದೆ ವಿವರಣೆ.

ಇದನ್ನು ಹೇಳುವುದು ಹೆದರಿಸಲು ಅಲ್ಲ. ಶಾಲೆಯಲ್ಲಿ ಚೆನ್ನಾಗಿ ಓದಿದ ಮಕ್ಕಳೂ ಮೊದಲ ವಾರದಲ್ಲೇ ಎದೆಗುಂದುವುದು ಈ ಬದಲಾದ ಅಳತೆಗೋಲನ್ನು ಯಾರೂ ಮುಂಚೆಯೇ ವಿವರಿಸದಿರುವುದರಿಂದ. ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಒಂದು ಸೊನ್ನೆ ಹೆಚ್ಚಾಗುವುದೂ, ಗೋದಾಮಿನಲ್ಲಿ ಒಂದು ಚೀಟಿ ಬೇರೆ ಪೆಟ್ಟಿಗೆಗೆ ಅಂಟುವುದೂ ಇದೇ ಜಾತಿಯ ತಪ್ಪುಗಳು.

ಹಾಗಾದರೆ ಹೊಸಬರಿಂದ ಏನನ್ನು ಎದುರುನೋಡುತ್ತಾರೆ?

ಪೂರ್ತಿ ಪಳಗಿದ ಕೈಯನ್ನಂತೂ ಅಲ್ಲ. ಮೊದಲ ಕೆಲಸಕ್ಕೆ ತೆಗೆದುಕೊಳ್ಳುವಾಗ ಮಾಲೀಕರು ಕೊಳ್ಳುವುದು ನೆಚ್ಚಿಕೆಯನ್ನು. ಯಂತ್ರ ಓಡಿಸುವುದನ್ನು ಮೂರು ತಿಂಗಳಲ್ಲಿ ಕಲಿಸಬಹುದು. ಕಲಿಯಲು ನಿಲ್ಲುವವನೇ ಎಂಬುದು ಅವರ ಪ್ರಶ್ನೆ.

ಹಾಜರಿಗೆ ಇಷ್ಟು ತೂಕ ಏಕೆಂದು ತಿಳಿಯಲು ಮದುವೆಮನೆಯ ಪಂಕ್ತಿಯನ್ನು ನೆನೆಯಬೇಕು. ಉಪ್ಪು, ಕೋಸಂಬರಿ, ಪಲ್ಯ, ಅನ್ನ, ಸಾರು ಬಡಿಸುವವರು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಅನ್ನದ ಬಕೆಟ್ ಹಿಡಿದವನು ಕಾಣೆಯಾದರೆ ಸಾರಿನವನು ಎಷ್ಟೇ ಚುರುಕಾಗಿದ್ದರೂ ನಿಂತೇ ಇರಬೇಕು, ಇಡೀ ಸಾಲು ಎಲೆ ನೋಡುತ್ತಾ ಕೂರಬೇಕು. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಯ ಲೈನು ಹೀಗೆಯೇ ಇದೆ: ಒಬ್ಬರು ಕಾಲರ್ ಹೊಲಿದರೆ ಮತ್ತೊಬ್ಬರು ತೋಳು ಕೂಡಿಸುತ್ತಾರೆ, ಇನ್ನೊಬ್ಬರು ಕಾಜಾ ಹಾಕುತ್ತಾರೆ. ಹೇಳದೆ ರಜೆ ಹಾಕಿದ ಒಬ್ಬರಿಂದ ಆ ಗಂಟೆಯ ಟಾರ್ಗೆಟ್ ಎಲ್ಲರಿಗೂ ತಪ್ಪುತ್ತದೆ. ಜ್ವರ ಯಾರಿಗೂ ಬರಬಹುದು, ಊರಲ್ಲಿ ಹಬ್ಬವೂ ಇರಬಹುದು. ಹಿಂದಿನ ರಾತ್ರಿಯೇ ಒಂದು ಫೋನ್ ಮಾಡಿದರೆ ಸೂಪರ್‌ವೈಸರ್ ಬದಲಿ ಆಳನ್ನು ಹೊಂದಿಸುತ್ತಾರೆ. ಆಕ್ಷೇಪ ಇರುವುದು ರಜೆಗಲ್ಲ, ಹೇಳದೆ ಹೋಗುವುದಕ್ಕೆ.

ಇನ್ನೊಂದು ಸಂಗತಿ ‘ಹೂಂ ಸಾರ್’. ಹೇಳಿದ್ದು ಅರ್ಥವಾಗದಿದ್ದರೂ ತಲೆಯಾಡಿಸಿಬಿಡುವುದು ನಮ್ಮ ಕಡೆಯ ಮಕ್ಕಳಲ್ಲಿ ಎಷ್ಟು ಬೇರೂರಿದೆಯೆಂದರೆ ಅದನ್ನು ಅವರು ವಿನಯವೆಂದೇ ತಿಳಿದಿರುತ್ತಾರೆ. ತರಗತಿಯಲ್ಲಿ ಪ್ರಶ್ನೆ ಕೇಳಿದವರು ಗದರಿಸಿಕೊಂಡದ್ದನ್ನು ನೋಡಿ ಬೆಳೆದವರು ಅವರು, ತಪ್ಪು ಅವರೊಬ್ಬರದಲ್ಲ. ಆದರೆ ಯಂತ್ರದ ಮುಂದೆ ಈ ಹೂಂಗುಟ್ಟುವಿಕೆ ಕೈಬೆರಳಿಗೇ ಅಪಾಯ ತರಬಹುದು. ಇದಕ್ಕೆ ಸರಳ ಮದ್ದು ಒಂದಿದೆ: ಹೇಳಿದ್ದನ್ನು ತಿರುಗಿ ಹೇಳುವುದು. ‘ಸಾರ್, ಮೊದಲು ಗಾರ್ಡ್ ಮುಚ್ಚಬೇಕು, ಆಮೇಲೆ ಸ್ಟಾರ್ಟ್ ಒತ್ತಬೇಕು, ಹತ್ತು ಪೀಸಿಗೆ ಒಂದನ್ನು ಅಳೆಯಬೇಕು, ಸರಿ ಅಲ್ವಾ?’ ಇಷ್ಟು ಹೇಳುವವನಿಗೆ ಏನು ಗೊತ್ತಾಗಿದೆ, ಏನು ಗೊತ್ತಾಗಿಲ್ಲ ಎಂಬುದು ಕಲಿಸುವವರಿಗೆ ಒಂದೇ ಕ್ಷಣದಲ್ಲಿ ತಿಳಿಯುತ್ತದೆ.

ಎಲ್ಲಕ್ಕಿಂತ ತೂಕದ್ದು, ನನ್ನ ಎಣಿಕೆಯಲ್ಲಿ, ಆದ ತಪ್ಪನ್ನು ಕೂಡಲೇ ಹೇಳುವ ಗುಣ. ಕಡಿಯುವ ಉಪಕರಣ ಬಳಸಿದಂತೆ ಸವೆಯುತ್ತದೆ, ತುಂಡಿನ ಅಳತೆ ನಿಧಾನವಾಗಿ ಸರಿಯುತ್ತಾ ಹೋಗುತ್ತದೆ. ಹತ್ತನೆಯ ತುಂಡಿನಲ್ಲಿ ಅಳತೆ ತಪ್ಪಿದ್ದು ಕಂಡು ಆಗಲೇ ಯಂತ್ರ ನಿಲ್ಲಿಸಿ ಹೇಳಿದರೆ ನಷ್ಟ ಒಂದೆರಡು ತುಂಡಿನದು. ಬೈಗುಳಕ್ಕೆ ಹೆದರಿ ಅದನ್ನು ಒಳ್ಳೆಯವುಗಳ ನಡುವೆ ಸೇರಿಸಿಬಿಟ್ಟರೆ, ಇನ್ನೂರು ತುಂಡುಗಳ ಇಡೀ ಲಾಟನ್ನು ಗಿರಾಕಿ ಹಿಂದಕ್ಕೆ ಕಳುಹಿಸಬಹುದು, ಆಗ ಒಂದೊಂದನ್ನೂ ಮತ್ತೆ ಅಳೆಯಲು ಇಬ್ಬರನ್ನು ಕೂರಿಸಬೇಕು. ಹೇಳಿದ ತಪ್ಪು ಅಗ್ಗ, ಮುಚ್ಚಿದ ತಪ್ಪು ದುಬಾರಿ ಎಂಬುದನ್ನು ಅನುಭವಿ ಮಾಲೀಕರು ಬಲ್ಲರು. ಇಲ್ಲಿ ಅವರ ಪಾಲಿನ ಕರ್ತವ್ಯವೂ ಇದೆ: ತಪ್ಪು ಒಪ್ಪಿಕೊಂಡವನನ್ನು ಎಲ್ಲರೆದುರು ಗದರಿಸಿದ ಕಾರ್ಖಾನೆಯಲ್ಲಿ ಮರುದಿನದಿಂದ ಯಾರೂ ಒಪ್ಪಿಕೊಳ್ಳುವುದಿಲ್ಲ.

ಉಳಿದವು ಚಿಕ್ಕವು. ಪಾಳಿ ಮುಗಿಯುವಾಗ ಲಾಗ್ ಪುಸ್ತಕದಲ್ಲಿ ಎಷ್ಟು ತುಂಡಾಯಿತು, ಎಲ್ಲಿ ನಿಂತಿತು ಎಂದು ಓದಲು ಬರುವಂತೆ ಬರೆಯುವುದು, ಜಾಗ ಗುಡಿಸಿ ಬಿಡುವುದು, ಫೋನನ್ನು ಲಾಕರಿನಲ್ಲಿಡುವುದು. ಇಂಥವನ್ನೆಲ್ಲ ಸೇರಿಸಿ ‘ಸಾಫ್ಟ್ ಸ್ಕಿಲ್’ ಎಂದು ಕಾಲೇಜುಗಳಲ್ಲಿ ಪಾಠ ಮಾಡುತ್ತಾರೆ. ಈ ಮಾತು 1970ರ ಆಸುಪಾಸಿನಲ್ಲಿ ಅಮೆರಿಕದ ಸೇನೆಯ ತರಬೇತಿ ವಿಭಾಗದಿಂದ ಬಂದದ್ದು. ಯಂತ್ರಗಳೊಂದಿಗಿನ ಕೆಲಸದಿಂದ ಜನರೊಂದಿಗಿನ ಕೆಲಸವನ್ನು ಬೇರ್ಪಡಿಸಲು ಅವರು ಅದನ್ನು ಬಳಸಿದರು. ಟೈ ಕಟ್ಟುವುದು, ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಳ್ಳುವುದು ಎಂಬಷ್ಟಕ್ಕೆ ಅದನ್ನು ಇಳಿಸಿದ್ದು ಆಮೇಲಿನ ಸಂಗತಿ.

ಇಂಗ್ಲಿಷ್ ಬರದಿದ್ದರೆ?

ಗಿರಾಕಿಗಳೊಂದಿಗೆ ಮಾತಾಡುವ ಕೆಲಸಕ್ಕೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಯಂತ್ರ, ಹೊಲಿಗೆ, ಗೋದಾಮು, ಎಲೆಕ್ಟ್ರಿಕಲ್ ಕೆಲಸಗಳಲ್ಲಿ ಬೇಕಾದದ್ದು ನಕ್ಷೆ ಮತ್ತು ಎಚ್ಚರಿಕೆ ಫಲಕಗಳಲ್ಲಿ ಬರುವ ಪದಗಳು. ಅವನ್ನು ಜೇಬಿನ ಪುಸ್ತಕದಲ್ಲಿ ಬರೆದುಕೊಂಡು ಕಲಿಯಬಹುದು. ಬೆಂಗಳೂರಿನ ಕಾರ್ಖಾನೆಯೊಳಗೆ ಕನ್ನಡ, ತಮಿಳು, ತೆಲುಗು, ಹಿಂದಿ ಎಲ್ಲವೂ ಓಡಾಡುತ್ತವೆ, ಕನ್ನಡದ ಹುಡುಗ ಅಲ್ಲಿ ಕುಗ್ಗಿ ನಿಲ್ಲಬೇಕಾದ ಕಾರಣವೇ ಇಲ್ಲ.

ಕಲಿಸುವುದು ಹೇಗೆ ನಡೆಯುತ್ತದೆ?

ರಾಗಿ ಮುದ್ದೆ ಮಾಡುವ ವಿಧಾನವನ್ನು ನಾಲ್ಕು ವಾಕ್ಯದಲ್ಲಿ ಬರೆದುಕೊಡಬಹುದು. ಅದನ್ನು ಓದಿ ಮಾಡಿದ ಮೊದಲ ಮುದ್ದೆಯಲ್ಲಿ ಗಂಟುಗಳೇ ತುಂಬಿರುತ್ತವೆ. ನೀರು ಯಾವ ಕುದಿಯಲ್ಲಿದ್ದಾಗ ಹಿಟ್ಟು ಹಾಕಬೇಕು, ಕೋಲನ್ನು ಎಷ್ಟು ಬಲದಲ್ಲಿ ತಿರುವಬೇಕು ಎಂಬುದು ಕೈಗೆ ತಿಳಿಯಬೇಕಾದ ವಿದ್ಯೆ. ಕೈಗೆ ತಿಳಿಯಬೇಕಾದ್ದನ್ನು ಬಾಯಲ್ಲಿ ಹೇಳಿ ಮುಗಿಸಿದರೆ ಅದು ತರಬೇತಿ ಆಗುವುದಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಅನುಭವವಿಲ್ಲದ ಜನ ದೊಡ್ಡ ಸಂಖ್ಯೆಯಲ್ಲಿ ಬಂದಾಗ, ಅವರಿಗೆ ಬೇಗ ಕಲಿಸಲು ನಾಲ್ಕು ಹಂತಗಳ ಒಂದು ಕ್ರಮವನ್ನು ರೂಪಿಸಿದರು. ಮುಂದೆ ಅದು ಜಪಾನಿಗೆ ಹೋಯಿತು. ಮೊದಲು ಕಲಿಯುವವನನ್ನು ನಿರಾಳಗೊಳಿಸಿ ಅವನಿಗೆ ಈಗಾಗಲೇ ಏನು ಗೊತ್ತಿದೆ ಎಂದು ತಿಳಿಯುವುದು. ಆಮೇಲೆ ಕೆಲಸವನ್ನು ಒಂದೊಂದೇ ಹೆಜ್ಜೆಯಾಗಿ, ಪ್ರತಿ ಹೆಜ್ಜೆಗೂ ಕಾರಣ ಹೇಳುತ್ತಾ, ಮಾಡಿ ತೋರಿಸುವುದು. ನಂತರ ಅವನಿಂದಲೇ ಮಾಡಿಸಿ, ಮಾಡುವಾಗ ಅವನ ಬಾಯಿಂದಲೇ ವಿವರಿಸಲು ಹೇಳುವುದು. ಕೊನೆಗೆ ಒಂಟಿಯಾಗಿ ಬಿಟ್ಟು, ಸಂದೇಹ ಬಂದರೆ ಯಾರನ್ನು ಕೇಳಬೇಕೆಂದು ತಿಳಿಸಿ, ಆಗಾಗ ಬಂದು ನೋಡುವುದು. ನಮ್ಮ ಎಷ್ಟೋ ಕಾರ್ಖಾನೆಗಳಲ್ಲಿ ‘ಅವನ ಪಕ್ಕ ನಿಂತು ನೋಡ್ಕೋ’ ಎಂಬಲ್ಲಿಗೆ ತರಬೇತಿ ಮುಗಿಯುತ್ತದೆ. ಅಂದರೆ ಎರಡನೆಯ ಹಂತದ ಅರ್ಧ ಮಾತ್ರ ನಡೆಯುತ್ತದೆ. ದಿನಕ್ಕೆ ಒಂದು ತಾಸನ್ನು ಈ ನಾಲ್ಕು ಹಂತಕ್ಕೆ ಕೊಡುವ ಸಣ್ಣ ಮಾಲೀಕ, ಹೊಸಬರು ಒಂದೇ ವಾರದಲ್ಲಿ ಓಡಿಹೋಗುತ್ತಾರೆಂದು ದೂರುವ ಸಂದರ್ಭ ಕಡಿಮೆಯಾದೀತು.

ಕೆಲಸಕ್ಕೆ ಮುಂಚೆ ಕಲಿಯುವ ಜಾಗಗಳೂ ನಗರದಲ್ಲಿವೆ. ಕೈಗಾರಿಕಾ ತರಬೇತಿ ಸಂಸ್ಥೆಗಳಾದ ಐಟಿಐಗಳಲ್ಲಿ (ಹೆಸರು ಒಂದೇ ಆದರೂ ಮೇಲೆ ಹೇಳಿದ ದೂರವಾಣಿ ಕಾರ್ಖಾನೆ ಬೇರೆ) ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಮುಂತಾದ ಟ್ರೇಡ್‌ಗಳನ್ನು ಹತ್ತನೆಯ ತರಗತಿ ಮುಗಿಸಿದವರು ಕಲಿಯಬಹುದು, ಕೆಲವು ಟ್ರೇಡ್‌ಗಳಿಗೆ ಎಂಟನೆಯದು ಸಾಕು. ರಾಜಾಜಿನಗರದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾಯಿತು. ಅಲ್ಲಿನ ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿನ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ ಕಳೆಯಬೇಕು. ಪೀಣ್ಯದ ಎನ್‌ಟಿಟಿಎಫ್ ಎಂಬ ತಾಂತ್ರಿಕ ತರಬೇತಿ ಸಂಸ್ಥೆ, ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಇದೇ ದಾರಿಯವು. ಇವುಗಳಲ್ಲಿ ಓದಿದವರನ್ನು ಕಾರ್ಖಾನೆಗಳು ಹುಡುಕಿಕೊಂಡು ಹೋಗಲು ಕಾರಣ, ಕೈಕೆಲಸದ ಹೊತ್ತು ಪುಸ್ತಕದ ಹೊತ್ತಿಗಿಂತ ಕಡಿಮೆಯಾಗದಂತೆ ನೋಡಿಕೊಂಡಿರುವುದು.

ಹೇಳಿದ ಸಂಬಳ, ಕೈಗೆ ಬರುವ ಸಂಬಳ

ಮೊದಲ ತಿಂಗಳ ಕೊನೆಯಲ್ಲಿ ಅತಿ ಹೆಚ್ಚು ಮನಸ್ತಾಪ ಹುಟ್ಟುವುದು ಇಲ್ಲಿ. ‘ಸಿಟಿಸಿ’ ಎಂದರೆ ಒಬ್ಬ ನೌಕರನಿಗಾಗಿ ಸಂಸ್ಥೆ ಮಾಡುವ ಒಟ್ಟು ಖರ್ಚು. ಲೆಕ್ಕಕ್ಕೆ ಅನುಕೂಲವೆಂದು ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ ಇದೆ, ಬೇರೆ ಭತ್ಯೆ ಇಲ್ಲ ಎಂದುಕೊಳ್ಳೋಣ. ನೌಕರನ ಪಾಲಿನ ಭವಿಷ್ಯನಿಧಿ ಶೇ. 12, ಅಂದರೆ 1,800 ರೂಪಾಯಿ. ಇಎಸ್ಐಗೆ, ಅಂದರೆ ನೌಕರರ ರಾಜ್ಯ ವಿಮೆಗೆ, ಅವನ ಪಾಲು ಶೇ. 0.75, ಸುಮಾರು 113 ರೂಪಾಯಿ. ಕೈಗೆ ಬರುವುದು 13,087. ಮಾಲೀಕ ತನ್ನ ಕಡೆಯಿಂದ ಭವಿಷ್ಯನಿಧಿಗೆ ಮತ್ತೆ 1,800, ಇಎಸ್ಐಗೆ ಶೇ. 3.25ರಂತೆ ಸುಮಾರು 488 ಕಟ್ಟುತ್ತಾನೆ. ಸಣ್ಣಪುಟ್ಟ ಆಡಳಿತ ಶುಲ್ಕ ಬಿಟ್ಟರೂ ಅವನ ಖರ್ಚು 17,288. ಸಂದರ್ಶನದಲ್ಲಿ ‘ಹದಿನೇಳು ಸಾವಿರ’ ಎಂದು ಕೇಳಿಸಿಕೊಂಡ ಹುಡುಗನಿಗೆ ಹದಿಮೂರು ಸಾವಿರ ಬಂದಾಗ ಮೋಸವಾಯಿತೆಂದು ಅನಿಸುತ್ತದೆ. ನಡುವಿನ ಹಣ ಬಹುಪಾಲು ಅವನ ಹೆಸರಿನಲ್ಲೇ ಭವಿಷ್ಯನಿಧಿ ಮತ್ತು ಪಿಂಚಣಿ ಖಾತೆಯಲ್ಲಿದೆ. ಇಎಸ್ಐ ಪಾಲಿನಿಂದ ಅವನಿಗೂ ಅವನನ್ನು ನೆಚ್ಚಿಕೊಂಡ ಕುಟುಂಬಕ್ಕೂ ರಾಜಾಜಿನಗರ, ಪೀಣ್ಯದ ಇಎಸ್ಐ ಆಸ್ಪತ್ರೆಗಳಂಥ ಕಡೆ ಚಿಕಿತ್ಸೆ ಸಿಗುತ್ತದೆ. ಕತ್ತರಿಸಿದ ಹಣ ನಿಜವಾಗಿ ಕಟ್ಟಿದ್ದಾರೆಯೇ ಎಂಬುದನ್ನು ಭವಿಷ್ಯನಿಧಿಯ 12 ಅಂಕಿಗಳ ಯುಎಎನ್ ಸಂಖ್ಯೆಯಿಂದ ಪಾಸ್‌ಬುಕ್ ತೆರೆದು ಪ್ರತಿ ತಿಂಗಳು ನೋಡಬೇಕು. ಕೆಲಸ ಬದಲಾದರೂ ಆ ಸಂಖ್ಯೆ ಬದಲಾಗಬಾರದು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯಗೊಳಿಸಿವೆ. ‘ಲೆಟರ್ ಆಮೇಲೆ ಕೊಡ್ತೀವಿ’ ಎಂಬ ಮಾತಿಗೆ ತಲೆಯಾಡಿಸಿ ಸುಮ್ಮನಾಗಬಾರದು. ಹಾಗೆಯೇ, ಕೆಲಸ ಕೊಡಿಸುವುದಾಗಿ ನೋಂದಣಿ ಶುಲ್ಕ, ಯೂನಿಫಾರ್ಮ್ ಠೇವಣಿ ಎಂದು ಹಣ ಕೇಳುವ ಕನ್ಸಲ್ಟೆನ್ಸಿಯಿಂದ ದೂರ ಇರಬೇಕು. ಮೂಲ ಅಂಕಪಟ್ಟಿಗಳನ್ನು ತೋರಿಸಿ ವಾಪಸು ತರಬೇಕು, ಒತ್ತೆ ಇಡಬಾರದು.

ಸೇರುವ ಮುಂಚಿನ ತಿಂಗಳಲ್ಲಿ

ಕಾಗದಪತ್ರಗಳಲ್ಲಿ ಹೆಸರು ಒಂದೇ ಥರ ಇರುವಂತೆ ಮೊದಲು ನೋಡಿಕೊಳ್ಳಬೇಕು. ನಮ್ಮಲ್ಲಿ ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇರುತ್ತದೆ, ಆಧಾರ್‌ನಲ್ಲಿ ಮುಂದೆ ಇರುತ್ತದೆ, ಪ್ಯಾನ್ ಕಾರ್ಡಿನಲ್ಲಿ ಅದು ತಂದೆಯ ಪೂರ್ಣ ಹೆಸರಾಗಿ ಬಿಚ್ಚಿಕೊಂಡಿರುತ್ತದೆ. ಭವಿಷ್ಯನಿಧಿ ಖಾತೆ ಅಲ್ಲಿ ಸಿಕ್ಕಿಕೊಂಡರೆ ಬಿಡಿಸುವುದಕ್ಕೆ ತಿಂಗಳುಗಟ್ಟಲೆ ಅಲೆಯಬೇಕಾದೀತು. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಲಿ. ಬ್ಯಾಂಕ್ ಖಾತೆ ಸ್ವಂತ ಹೆಸರಿನಲ್ಲಿರಲಿ.

ತಾಂತ್ರಿಕ ಕೆಲಸಕ್ಕೆ ಹೋಗುವವರು ವರ್ನಿಯರ್ ಕ್ಯಾಲಿಪರ್ (ದಪ್ಪ, ವ್ಯಾಸಗಳನ್ನು ಸೂಕ್ಷ್ಮವಾಗಿ ಅಳೆಯುವ ಸಾಧನ) ಹಿಡಿದು ಮನೆಯ ನಾಣ್ಯ, ಬೋಲ್ಟು, ಕೀಲಿಗಳನ್ನು ಅಳೆದು ಬರೆಯುವ ಅಭ್ಯಾಸ ಮಾಡಬಹುದು. ಒಂದೇ ವಸ್ತುವನ್ನು ಹತ್ತು ಸಲ ಅಳೆದಾಗ ಹತ್ತು ಸಲವೂ ಒಂದೇ ಅಂಕಿ ಬರುವವರೆಗೆ. ಕಚೇರಿ ಕೆಲಸದವರಿಗೆ ಎಕ್ಸೆಲ್‌ನಲ್ಲಿ ಒಂದು ತಿಂಗಳ ಮನೆಖರ್ಚು ಬರೆದು, ಕೂಡಿಸಿ, ಕೈಲೆಕ್ಕದೊಂದಿಗೆ ಹೋಲಿಸಿ ನೋಡುವುದು ಸಾಕು. ಸಂದರ್ಶನದಲ್ಲಿ ‘ಏನು ಬರುತ್ತದೆ’ ಎಂದು ಕೇಳಿದಾಗ ಹೇಳಲು ಅದೊಂದು ಮಾಡಿದ ಕೆಲಸವಾಗಿ ಉಳಿಯುತ್ತದೆ.

ಕೊನೆಯದಾಗಿ ದಾರಿ. ಮೊದಲ ಪಾಳಿ ಬೆಳಿಗ್ಗೆ 6ಕ್ಕೆ ಎಂದಿದ್ದರೆ, ಸೇರುವ ಹಿಂದಿನ ವಾರ ಒಂದು ಕೆಲಸದ ದಿನ, ಅದೇ ಹೊತ್ತಿಗೆ ರೂಮಿನಿಂದ ಹೊರಟು ಕಾರ್ಖಾನೆಯ ಗೇಟಿನವರೆಗೆ ಹೋಗಿ ಬರಬೇಕು. ಆ ಕತ್ತಲಲ್ಲಿ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ನಿಲ್ದಾಣದಿಂದ ಎಷ್ಟು ನಡೆಯಬೇಕು, ಬಸ್ಸು ತಪ್ಪಿದರೆ ಬೇರೆ ದಾರಿ ಯಾವುದು, ಗೇಟಿನ ಹತ್ತಿರ ಬೆಳಗಿನ ತಿಂಡಿ ಎಲ್ಲಿ ಸಿಗುತ್ತದೆ ಎಂಬುದೆಲ್ಲ ಅಂದೇ ತಿಳಿದುಬರುತ್ತದೆ. ಗೇಟಿನ ಕಾವಲಿನವರಿಗೆ ‘ಸೋಮವಾರದಿಂದ ಬರ್ತೀನಿ ಅಣ್ಣ’ ಎಂದು ಹೇಳಿ, ಹೊಸಬರು ಯಾವ ಬಾಗಿಲಿನಿಂದ ಒಳಗೆ ಹೋಗಬೇಕು ಎಂಬುದನ್ನೂ ಆಗಲೇ ಕೇಳಿಟ್ಟುಕೊಳ್ಳಬಹುದು.